ಹತ್ತು ದಿನದ ರೂಢಿ

ಬೆಟಗೇರಿ
ಇಸವಿ 2163, ಎರಡನೇ ಬೇಸಿಗೆಯ ನಲವತ್ತೇಳನೇ ದಿನ

ನಿಯಮ ಬರೆದ ಮಾನ್ಯರೇ,

ವರ್ಷಕ್ಕೆ ಎರಡು ಬೇಸಿಗೆ ಎಂದರೆ ನಿಮಗೆ ವಿಚಿತ್ರ ಅನಿಸಬಹುದು. ನಮಗೆ ಅಭ್ಯಾಸವಾಗಿದೆ. ನಿಮಗೆ ತಿಳಿಯದ ಪದಗಳು ನಡುನಡುವೆ ಬಂದರೆ ಕ್ಷಮಿಸಿ, ಬಂದ ಕಡೆಯೇ ಬಿಡಿಸಿ ಹೇಳುತ್ತೇನೆ. ಈ ಪತ್ರ ನಿಮ್ಮ ಕೈ ಸೇರುವುದು ಹೇಗೆ ಎಂದು ನನಗೂ ಗೊತ್ತಿಲ್ಲ. ಹಿಂದಿನ ಕಾಲಕ್ಕೆ ಹೋಗುವ ಟಪಾಲನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಹೆದರಿಕೆಯಾಗಿದೆ. ಹೆದರಿಕೆಗೆ ಕಾರಣವಾದ ವಾಕ್ಯವನ್ನು ಬರೆದವರು ನೀವು.

ನನ್ನ ಹೆಸರು ಕಸ್ತೂರಿ ಗಂಜಿ, ವಯಸ್ಸು ಐವತ್ತಾರು. ಇಲ್ಲಿನ ನಾಲ್ಕನೇ ವಾರ್ಡಿನ ಇಳಿತದ ಕಟ್ಟೆ ಎಂಬ ಕಚೇರಿಯಲ್ಲಿ ನನ್ನ ನೌಕರಿ. ನಿಮ್ಮ ಕಾಲದಲ್ಲಿ ಕರೆಂಟು ಸಾಲದಾದಾಗ ಇನ್ನಷ್ಟು ಕಲ್ಲಿದ್ದಲು ಸುಡುತ್ತಿದ್ದಿರಂತೆ. ನಮಗೆ ಆ ದಾರಿಯಿಲ್ಲ. ಕಪ್ಪತಗುಡ್ಡದ ಗಾಳಿ ಬಿದ್ದುಹೋಗಿ, ಕೆಂಪು ದೂಳು ಕವಿದು ಸೋಲಾರ್ ಫಲಕಗಳು ಮಂಕಾದ ದಿನ, ಬಳಕೆಯನ್ನೇ ಇಳಿಸಬೇಕು. ನಾಳೆ ಮಧ್ಯಾಹ್ನ ಇಷ್ಟು ಕರೆಂಟು ಬಳಸುವುದಿಲ್ಲ ಎಂದು ಒಂದು ಮನೆ ಒಪ್ಪಿಕೊಂಡರೆ, ಆ ಬಳಸದಿರುವುದಕ್ಕೆ ಇಳಿತ ಎನ್ನುತ್ತೇವೆ. ವಾರ್ಡಿನ ಮುನ್ನೂರ ಹನ್ನೆರಡು ಮನೆಗಳ ಇಳಿತವನ್ನು ಒಟ್ಟುಮಾಡಿ ನಾನು ನಾಳಿನ ಸಂತೆಗೆ ಒಯ್ಯುತ್ತೇನೆ. ಮರುದಿನದ ಕರೆಂಟನ್ನು ಹಿಂದಿನ ದಿನವೇ ಕಾಲುಗಂಟೆ ಕಾಲುಗಂಟೆಯಾಗಿ ಮಾರುವ ಸಂತೆ ಅದು. ಗಾಳಿಯವರು, ಬಿಸಿಲಿನವರು, ಅಣೆಕಟ್ಟಿನವರು ಕುಳಿತ ಸಾಲಿನಲ್ಲೇ ಏನೂ ತಯಾರಿಸದ ನಾವೂ ಕುಳಿತು ಮಾರುತ್ತೇವೆ. ಬೆಳಗಿನ ಹತ್ತಕ್ಕೆ ಸಂತೆ ಮುಚ್ಚುತ್ತದೆ. ಆಮೇಲೆ ಕೊಟ್ಟ ಮಾತು ಹಿಂತೆಗೆದುಕೊಳ್ಳುವಂತಿಲ್ಲ. ಮಾರಿದಷ್ಟು ಇಳಿಸದಿದ್ದರೆ ಇಡೀ ವಾರ್ಡಿನ ತಂತಿಯನ್ನೇ ಕತ್ತರಿಸುತ್ತಾರೆ.

ಇಳಿತದ ದಿನ ಎರಡು ಗಂಟೆಗೆ ನಾನು ಗಂಟೆ ಬಾರಿಸುತ್ತೇನೆ. ಮಗ್ಗಗಳು ನಿಲ್ಲುತ್ತವೆ, ಫ್ರಿಜ್ಜುಗಳು ಸುಮ್ಮನಾಗುತ್ತವೆ. ಪ್ರತಿ ಮನೆಯ ಬ್ಯಾಟರಿ ತನ್ನಲ್ಲಿರುವುದನ್ನೆಲ್ಲ ತಾನೇ ತಂತಿಗೆ ಸುರಿದು ಖಾಲಿಯಾಗುತ್ತದೆ. ಜನ ಬೆಳಿಗ್ಗೆಯೇ ರೊಟ್ಟಿ ಬಡಿದಿಟ್ಟು, ಒದ್ದೆ ಅರಿವೆ ಹೊದ್ದು ನೆಲಮಾಳಿಗೆಗೆ ಇಳಿಯುತ್ತಾರೆ. ಒಂದರಿಂದ ಆರರವರೆಗೆ ಬೀದಿಗಳು ಮುಚ್ಚಿರುತ್ತವೆ. ಹೊರಗೆ ನಲವತ್ತೊಂಬತ್ತು ಡಿಗ್ರಿ, ಮೇಲೆ ದೂಳು. ಯಾವ ಯಂತ್ರ ನಿಲ್ಲಬೇಕು, ಯಾವುದು ಓಡಬೇಕು ಎಂದು ತೀರ್ಮಾನಿಸುವುದು ಮೀಟರು. ಅದು ಮನೆಯ ಒಂದೊಂದು ಯಂತ್ರವನ್ನೂ ಗುರುತಿಸುತ್ತದೆ. ಅದು ನೋಡುವುದು ಮನೆಯ ರೂಢಿಯನ್ನು, ಅಂದರೆ ಹಿಂದಿನ ಹತ್ತು ದಿನ ಆ ಮನೆ ಹೇಗೆ ನಡೆದುಕೊಂಡಿತು ಎಂಬುದನ್ನು. ನಿಮ್ಮ ವಾಕ್ಯ ಹೀಗಿದೆ: "ಹಿಂದಿನ ಹತ್ತು ದಿನಗಳಲ್ಲಿ ಬಳಕೆಯಾಗದ ಯಂತ್ರವನ್ನು ಆ ಮನೆಗೆ ಅವಶ್ಯವಲ್ಲವೆಂದು ಪರಿಗಣಿಸತಕ್ಕದ್ದು."

ಈ ರೂಢಿಯ ಸುತ್ತ ನಮ್ಮ ಜನರ ಕಿತಾಪತಿ ಒಂದೆರಡಲ್ಲ. ಖಾಲಿ ಕೋಣೆಯಲ್ಲಿ ಹತ್ತು ದಿನ ಫ್ಯಾನು ತಿರುಗಿಸಿ, ಹನ್ನೊಂದನೇ ದಿನ ನಿಲ್ಲಿಸಿ, ನೋಡಿರಿ ಎಷ್ಟು ಇಳಿಸಿದೆವು ಎಂದು ಬೀಗಿ ಇಳಿತದ ದುಡ್ಡು ಕೇಳುತ್ತಾರೆ. ಇದನ್ನು ಸುಳ್ಳು ರೂಢಿ ಎನ್ನುತ್ತೇವೆ. ಇಪ್ಪತ್ತೆಂಟು ವರ್ಷ ನಾನು ಇಂಥವರ ಬೆನ್ನುಹತ್ತಿದ್ದೇನೆ. ಬೆನ್ನ ಹಿಂದೆ ನನ್ನನ್ನು ಮೀಟರ್ ಕಸ್ತೂರಿ ಎನ್ನುತ್ತಾರೆ. ಆ ಹೆಸರಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ನನ್ನ ಅಕ್ಕನ ಹೆಸರು ದಾನಮ್ಮ. ಅವಳ ಎದೆಯ ಸ್ನಾಯುಗಳಿಗೆ ಶಕ್ತಿಯಿಲ್ಲ. ಮೂರು ವರ್ಷದಿಂದ ಮುಖಕ್ಕೆ ಮುಖವಾಡ ಕಟ್ಟಿದ ಉಸಿರಿನ ಯಂತ್ರವೇ ಅವಳ ಪರವಾಗಿ ಉಸಿರಾಡುತ್ತದೆ. ಯಂತ್ರವಿಲ್ಲದೆ ಆರು ನಿಮಿಷ ತಡೆದದ್ದುಂಟು, ಅದಕ್ಕಿಂತ ಹೆಚ್ಚಿಲ್ಲ. ಹದಿಮೂರು ದಿನದ ಹಿಂದೆ ಜ್ವರ ಬಂದು ಅವಳನ್ನು ಆಸ್ಪತ್ರೆಗೆ ಸೇರಿಸಿದೆವು. ಮನೆಗೆ ಬೀಗ ಹಾಕುವಾಗ ಪಕ್ಕದ ಮನೆಯ ಮಾಬೂಬಿ ಬಾಗಿಲಲ್ಲಿ ನಿಂತು, "ಮಷೀನ ಹಂಗ ಚಾಲೂ ಇರಲಿ ಬಿಡ್ರಿ ಕಸ್ತೂರಕ್ಕಾ, ಇಲ್ಲಾಂದ್ರ ರೂಢಿ ತಪ್ಪತೈತಿ" ಅಂದಳು. ನನಗೆ ಸಿಟ್ಟು ಬಂತು, ಬೈದೆ. ಉಸಿರಾಡುವವರೇ ಇಲ್ಲದ ಮನೆಯಲ್ಲಿ ಉಸಿರಿನ ಯಂತ್ರ ಓಡಿಸುವುದು ಸುಳ್ಳು ರೂಢಿಯಲ್ಲದೆ ಮತ್ತೇನು? ಊರಿಗೆಲ್ಲ ಬುದ್ಧಿ ಹೇಳುವ ನಾನು ನಮ್ಮ ಮನೆಯಲ್ಲೇ ಅದಕ್ಕೆ ಒಪ್ಪಲೇ? ಒಳಗೆ ಹೋಗಿ ನನ್ನ ಕೈಯಾರೆ ಆರಿಸಿದೆ. ಆರಿಸಿದ ಮೇಲೆ ಮನಸ್ಸಿಗೆ ಸಮಾಧಾನವೂ ಆಯಿತು, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ನಿನ್ನೆ ಸಂಜೆ ಅಕ್ಕ ಮನೆಗೆ ಬಂದಳು. ಬಿಸಿಲು ಬಡಿದವರಿಗೆ ಹಾಸಿಗೆ ಬೇಕೆಂದು ಆಸ್ಪತ್ರೆಯವರು ಕಳಿಸಿಬಿಟ್ಟರು. ಇವತ್ತು ಬೆಳಿಗ್ಗೆ ಒಂಬತ್ತೂವರೆಗೆ ಎಂದಿನಂತೆ ನಾಳಿನ ಇಳಿತ ಮಾರಿದೆ, ಎರಡರಿಂದ ಐದರವರೆಗೆ, ಹನ್ನೆರಡು ಕಾಲುಗಂಟೆ. ಹನ್ನೊಂದಕ್ಕೆ ನಾಳೆ ನಿಲ್ಲುವ ಯಂತ್ರಗಳ ಪಟ್ಟಿ ಬಂತು. ಮೊದಲ ಸಾಲಿನಲ್ಲೇ ಅಕ್ಕನ ಉಸಿರಿನ ಯಂತ್ರ. ಮೀಟರು ಪೂರ್ತಿ ದಿನಗಳನ್ನಷ್ಟೇ ಎಣಿಸುತ್ತದೆ, ನಿನ್ನೆ ಒಂದು ರಾತ್ರಿ ಓಡಿದ್ದು ಅದರ ಲೆಕ್ಕಕ್ಕೆ ಬಂದಿಲ್ಲ. ಬೇರೆ ಮನೆಗೆ ಒಯ್ದರೆ ಅಲ್ಲಿಯೂ ಅದು ರೂಢಿಯಿಲ್ಲದ ಯಂತ್ರವೇ.

ನಮ್ಮ ಕಟ್ಟೆಯ ಹಿರಿಯರು ಮೌನೇಶಣ್ಣ. ಅವರ ಹತ್ತಿರ ಓಡಿದೆ. ಅವರು ಪಟ್ಟಿ ನೋಡಿದರು, ನಿಮ್ಮ ವಾಕ್ಯ ನೋಡಿದರು, ಮೇಲಿನ ಕಚೇರಿಗೆ ಕೇಳಿದರು. ಹತ್ತು ದಿನದಲ್ಲಿ ರೂಢಿ ತಾನಾಗಿ ಸರಿಹೋಗುತ್ತದೆ ಎಂದು ಅಲ್ಲಿಂದ ಉತ್ತರ ಬಂತು. ಅದನ್ನು ಮೌನೇಶಣ್ಣ ನನಗೆ ಓದಿ ಹೇಳಿದರು. ಗಂಟೆಯನ್ನೇ ಬಾರಿಸದೆ ಕೂತರೆ ವಾರ್ಡಿನ ತಂತಿ ಹೋಗುತ್ತದೆ, ಅಕ್ಕನ ಯಂತ್ರದ ಜೊತೆಗೆ ವಾರ್ಡಿನಲ್ಲಿ ರೂಢಿ ಸರಿಯಿರುವ ಇನ್ನಿಬ್ಬರ ಉಸಿರಿನ ಯಂತ್ರಗಳೂ ನಿಲ್ಲುತ್ತವೆ. ಆದ್ದರಿಂದ ಬಾರಿಸುತ್ತೇನೆ. ಐದರವರೆಗೆ ಪ್ರತಿ ಕಾಲುಗಂಟೆಗೂ ಇಳಿತ ಸರಿಯಿದೆ ಎಂದು ನನ್ನ ಹೆಬ್ಬೆಟ್ಟು ಒತ್ತಬೇಕು. ಕುರ್ಚಿ ಬಿಟ್ಟು ಏಳುವಂತಿಲ್ಲ.

ಆಸ್ಪತ್ರೆಯವರು ಒಂದು ರಬ್ಬರಿನ ಚೀಲ ಕೊಟ್ಟಿದ್ದಾರೆ. ಅದನ್ನು ಕೈಯಲ್ಲಿ ಒತ್ತಿ ಒತ್ತಿ ಉಸಿರು ಕೊಡಬಹುದು. ಫ್ಯಾನಿಲ್ಲದ ಸೆಕೆಯಲ್ಲಿ ಒಬ್ಬರು ಕಾಲುಗಂಟೆಗಿಂತ ಹೆಚ್ಚು ಒತ್ತಬಾರದು, ಕೈ ಸೋತದ್ದು ಅವರಿಗೇ ತಿಳಿಯುವುದಿಲ್ಲ ಎಂದು ನರ್ಸು ಎರಡೆರಡು ಸಲ ಹೇಳಿದ್ದಾಳೆ. ಇವತ್ತು ಸಂಜೆ ಬೀದಿ ತೆರೆದ ಮೇಲೆ ಮಾಬೂಬಿ ಓಣಿಯ ಬಾಗಿಲು ಬಾಗಿಲಿಗೂ ಹೋಗಿ, ಚೀಲ ಒತ್ತಲು ಬರುವವರ ಹೆಸರು ಕೇಳಿದಳು. ಅಂದು ನಾನು ಬೈದದ್ದನ್ನು ಎತ್ತಿ ಆಡಲಿಲ್ಲ. ಎತ್ತಿ ಆಡಿದ್ದರೆ ನನಗೆ ಸುಲಭವಾಗುತ್ತಿತ್ತು. ಮೌನೇಶಣ್ಣ ಬೀದಿ ಮುಚ್ಚುವ ಮೊದಲೇ ಬಂದು ಕೂಡುತ್ತೇನೆಂದು ತಮ್ಮ ಹೆಸರೂ ಬರೆಸಿದರು. ಆ ಹೆಸರುಗಳ ಪಟ್ಟಿಯನ್ನು ಅಕ್ಕನಿಗೆ ತೋರಿಸಿದಾಗ ಅವಳು ಮುಖವಾಡದೊಳಗಿಂದ ತಡೆತಡೆದು, "ನನ್ನ ಉಸಿರೂ ಕಾಲತಾಸಿನ ಲೆಕ್ಕದಾಗ ಸಂತಿಗೆ ಹೋತು ನೋಡ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ತಮ್ಮ ಮನೆಯ ಮುದುಕರು ಮಕ್ಕಳನ್ನು ಬಿಟ್ಟು ಬರಬಲ್ಲ, ತ್ರಾಣವೂ ಇರುವವರು ಸಿಕ್ಕಿದ್ದು ಮೌನೇಶಣ್ಣ ಸೇರಿ ಹನ್ನೊಂದು ಜನ. ಹನ್ನೆರಡನೇ ಕಾಲುಗಂಟೆಗೆ, ನಾಲ್ಕೂಮುಕ್ಕಾಲರಿಂದ ಐದರವರೆಗೆ, ಯಾರೂ ಇಲ್ಲ. ಆಗಲೇ ಸೋತಿರುವ ಒಂದು ಕೈ ಮತ್ತೊಮ್ಮೆ ಒತ್ತಬೇಕು. ಆ ಕೈ ಯಾರದು, ಎಷ್ಟು ಹೊತ್ತು ತಡೆದೀತು ಎಂದು ಆಗಿನಿಂದ ಎಣಿಸುತ್ತಿದ್ದೇನೆ.

ನೀವು ಆ ವಾಕ್ಯವನ್ನು ಹೇಗೆ ಬರೆದಿರಬಹುದು ಎಂದು ಊಹಿಸುತ್ತೇನೆ. ಸಭೆ ನಡೆದಿರಬೇಕು, ಚಹಾ ಬಂದಿರಬೇಕು. ಎಷ್ಟು ದಿನ ಎಂದು ಯಾರೋ ಕೇಳಿರಬೇಕು, ಹತ್ತು ಇರಲಿ ಎಂದು ಇನ್ಯಾರೋ ಅಂದಿರಬೇಕು. ನಿಮ್ಮನ್ನು ಕೆಟ್ಟವರೆನ್ನುವುದಿಲ್ಲ. ಬಹುತೇಕ ದಿನಗಳಲ್ಲಿ, ಬಹುತೇಕ ಮನೆಗಳಲ್ಲಿ ಆ ವಾಕ್ಯ ಸರಿಯಾಗಿಯೇ ನಡೆಯಿತು. ಹಾಗಾಗಿಯೇ ಇಷ್ಟು ತಲೆಮಾರು ಯಾರೂ ಅದನ್ನು ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ.

ಈಗ ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಆ ಕಾಗದ ಇನ್ನೂ ನಿಮ್ಮ ಮೇಜಿನ ಮೇಲಿದ್ದರೆ, ಕೆಳಗೆ ಇಷ್ಟು ಸೇರಿಸಿ: "ಯಂತ್ರವನ್ನು ನಿಲ್ಲಿಸುವ ಮೊದಲು ಆ ಮನೆಯವರನ್ನು ಒಮ್ಮೆ ಕೇಳತಕ್ಕದ್ದು." ಇಷ್ಟೇ ಸಾಕು. ನೀವು ಸೇರಿಸಿದ್ದೇ ಆದರೆ ನನ್ನ ಮುಂದೆ ತೆರೆದಿಟ್ಟ ನಿಯಮದ ಪುಸ್ತಕದಲ್ಲಿ ಅದು ಈಗಲೇ ಇರಬೇಕು. ಈ ಪತ್ರ ಮುಗಿಸುವುದರೊಳಗೆ ನಾಲ್ಕು ಸಲ ಆ ಪುಟ ನೋಡಿದೆ. ಇನ್ನೂ ಒಂದೇ ವಾಕ್ಯವಿದೆ.

ಇಂತಿ,
ಕಸ್ತೂರಿ ಗಂಜಿ