ಪೆಟ್ಟಿಗೆಗೆ ಕಟ್ಟಿದ ಬೆಲ್ಟು

ಮನೆಯಿಂದ
ಜುಲೈ 14, ಭಾನುವಾರ ಮಧ್ಯಾಹ್ನ

ಪ್ರೀತಿಯ ಸುರಕ್ಷತಾ ಸಾಹೇಬರಿಗೆ,

ಹೀಗೆ ಕರೆದೆನೆಂದು ಹುಬ್ಬು ಗಂಟಿಕ್ಕಬೇಡಿ, ಕಾರಣ ಮುಂದೆ ಬರುತ್ತದೆ. ಮೊದಲು ಹೇಳಿ, ಆರೋಗ್ಯ ಹೇಗಿದೆ? ಹಡಗುಕಟ್ಟೆಯ ಬಿಸಿಲಿಗೆ ಕುತ್ತಿಗೆಯ ಹಿಂದೆ ಎದ್ದಿದ್ದ ಬೊಕ್ಕೆ ಒಣಗಿತೆ? ನಾನು ಕಳಿಸಿದ ಮುಲಾಮು ಹಚ್ಚುತ್ತಿದ್ದೀರೋ ಇಲ್ಲ ಬಟ್ಟೆಗಳ ಅಡಿಗೆ ಸೇರಿಸಿಟ್ಟಿದ್ದೀರೋ? ಒಳ್ಳೆಯ ವಸ್ತುವನ್ನು ಬಳಸದೆ ಜೋಪಾನ ಮಾಡುವ ಚಟ ನಿಮ್ಮ ಮನೆತನದ್ದು, ಅದಕ್ಕೇ ಕೇಳಿದೆ. ಅತ್ತೆಯ ಮಂಡಿನೋವು ಮೋಡ ಕವಿದರೆ ಹೆಚ್ಚು, ಬಿಸಿಲು ಬಿದ್ದರೆ ಕಡಿಮೆ. ಕೋಪ ಒಂದನ್ನು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಮಾವನ ಮೊಣಕೈಗೆ ಪೆಟ್ಟಾಗಿದೆ. ಗಾಬರಿ ಬೀಳಬೇಡಿ, ಎದ್ದು ಓಡಾಡುತ್ತಿದ್ದಾರೆ, ಊಟಕ್ಕೆ ಉಪ್ಪು ಕಡಿಮೆ ಎಂದು ಎಂದಿನಂತೆ ಗೊಣಗುತ್ತಿದ್ದಾರೆ. ಆದರೆ ಪೆಟ್ಟು ಹೇಗಾಯಿತು ಎಂಬುದನ್ನು ಕೂತು ಓದಿ.

ನಿಮ್ಮ ಫೋಟೊ ಬಂತು. ತಲೆಗೆ ಹಳದಿ ಹೆಲ್ಮೆಟ್ಟು, ಕಣ್ಣಿಗೆ ದೊಡ್ಡ ಕನ್ನಡಕ, ಎದೆಯ ಮೇಲೆ ಅಡ್ಡಡ್ಡ ಬೆಲ್ಟು, ಬೆನ್ನಿಗೆ ಹಗ್ಗ. ಕಟ್ಟಿಕೊಂಡ ಹೆಂಡತಿಗೇ ನಿಮ್ಮ ಗುರುತು ಸಿಕ್ಕಿದ್ದು ಮೂಗಿನಿಂದ. ಇಲ್ಲಿ ಸುರಕ್ಷತೆಯ ಉಸ್ತುವಾರಿ ನನ್ನದೇ, ಹಡಗಿನ ಮೇಲೆ ಹತ್ತುವ ಒಬ್ಬೊಬ್ಬರ ಬೆಲ್ಟನ್ನೂ ನಾನೇ ಎಳೆದು ನೋಡಿ ಬಿಡುತ್ತೇನೆ, ಸಡಿಲವಿದ್ದರೆ ಯಾರ ಮುಲಾಜೂ ನೋಡದೆ ಕೆಳಗಿಳಿಸುತ್ತೇನೆ ಎಂದು ಬರೆದಿದ್ದೀರಿ. ಅತ್ತೆ ಅದನ್ನು ಓದಿಸಿಕೊಂಡು ಹಿಗ್ಗಿ ಹೀರೇಕಾಯಿಯಾದರು. ನನಗೆ ಮೈಯೆಲ್ಲ ಉರಿಯಿತು. ಕಂಡವರ ಬೆಲ್ಟು ಎಳೆದು ನೋಡುವ ಮನುಷ್ಯ ಹೆತ್ತ ಅಪ್ಪನ ಬೆಲ್ಟನ್ನು ತಗಡಿನ ಪೆಟ್ಟಿಗೆಗೆ ಕಟ್ಟಿ ಹೋಗಿದ್ದೀರಲ್ಲ, ನಿಮಗೆ ಏನನ್ನಬೇಕು?

ನೆನಪಿಲ್ಲ ಎನ್ನಬೇಡಿ. ಹೊರಡುವ ಬೆಳಿಗ್ಗೆ ಆ ಪೆಟ್ಟಿಗೆಯನ್ನು ತಂದು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಇಟ್ಟಿರಿ. ಅಪ್ಪನಿಗೆಂದು ವಾರವಿಡೀ ಕೂತು ಮಾಡಿದ ಪೆಟ್ಟಿಗೆ. ಒಳಗೆ ಹೊಸ ಹೆಲ್ಮೆಟ್ಟು, ಕೈಗವಸು, ಕಿವಿಗೆ ಮುಚ್ಚಿಕೊಳ್ಳುವುದು, ಗಾಯದ ಮದ್ದು, ಪಟ್ಟಿ, ಎಲ್ಲ ಅಚ್ಚುಕಟ್ಟು. ಬೋಲ್ಟು ಹಾಕಲು ತೂತು ಕೊರೆದಿರಲಿಲ್ಲ, ಹೊರಗೆ ಬಸ್ಸು ಹಾರನ್ನು ಬಾರಿಸುತ್ತಿತ್ತು. ಸೀಟಿನ ಬೆಲ್ಟನ್ನೇ ಎಳೆದು, ಮುಚ್ಚಳದ ಮೇಲಿಂದ ಹಾಯಿಸಿ, ಹಿಡಿಕೆಯಲ್ಲಿ ತೂರಿಸಿ, ಬಲವಾಗಿ ಗಂಟು ಬಿಗಿದು, "ಸದ್ಯಕ್ಕೆ ಇರ್ಲಿ, ಆಮೇಲೆ ಬೋಲ್ಟ್ ಹಾಕ್ಸಿಬಿಡಿ" ಎಂದು ಓಡಿದಿರಿ. ಏಣಿ ಇಡಲು ಜಾಗ ಬೇಕೆಂದು ಸೀಟಿನ ಹಿಂದಿನ ಕಬ್ಬಿಣದ ಕಮಾನನ್ನೂ ಮಡಿಸಿದ್ದಿರಿ. ಗಾಡಿ ಮಗುಚಿದರೆ ತಲೆ ಉಳಿಸಲೆಂದೇ ಇರುವ ಕಮಾನು ಅದು. ನಿಮ್ಮ "ಸದ್ಯಕ್ಕೆ" ಇನ್ನೂ ಮುಗಿದಿಲ್ಲ.

ಈಗ ನಮ್ಮ ಟ್ರ್ಯಾಕ್ಟರಿನ ವೈಭವ ಕೇಳಿ. ಬೆಲ್ಟು ಮುಚ್ಚಳವನ್ನೇ ಬಿಗಿದಿರುವುದರಿಂದ ಪೆಟ್ಟಿಗೆ ತೆರೆಯುವಂತಿಲ್ಲ. ಹೆಲ್ಮೆಟ್ಟು ಅಂಗಡಿಯ ಪ್ಲಾಸ್ಟಿಕ್ಕಿನ ಸಮೇತ ಒಳಗೆ ತಣ್ಣಗೆ ಮಲಗಿದೆ. ಮಾವ ತಲೆಗೆ ಟವೆಲು ಸುತ್ತಿಕೊಂಡು ಅದೇ ಗಾಡಿಯಲ್ಲಿ ಊರವರ ಹುಲ್ಲು ಕತ್ತರಿಸಲು ಹೋಗುತ್ತಾರೆ. ಸ್ಪ್ಯಾನರು, ಸುತ್ತಿಗೆ, ಕುಡುಗೋಲು ಎಲ್ಲ ಒಂದು ಗೋಣಿಚೀಲದಲ್ಲಿ ಕಾಲಬುಡದಲ್ಲಿ. ಗುದ್ದಲಿ, ಹಾರೆ ಏಣಿಯ ಜೊತೆ ಮಡಿಸಿದ ಕಮಾನಿನ ಮೇಲೆ. ಅಪಾಯ ತಪ್ಪಿಸುವ ಸಾಮಾನಿಗೆಲ್ಲ ಬೆಲ್ಟು ಇದೆ, ಗಾಡಿ ಓಡಿಸುವ ಮುದುಕರಿಗೆ ಇಲ್ಲ. ನಿಮ್ಮ ಹಡಗುಕಟ್ಟೆಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಅವರನ್ನು ಗೇಟಿನಿಂದಾಚೆ ಅಟ್ಟುತ್ತಿದ್ದಿರಿ.

ಮೊನ್ನೆ ಮಂಗಳವಾರ ಶಾಲೆಯ ಹಿಂದಿನ ಇಳಿಜಾರಿನಲ್ಲಿ ಹುಲ್ಲು ತೆಗೆಯುತ್ತಿದ್ದೆವು. ನಾನು ಮೇಲೆ ಬೇಲಿಯ ಹತ್ತಿರ ಬಳ್ಳಿ ಕೀಳುತ್ತಿದ್ದೆ. ಇಂಜಿನಿನ ಸದ್ದು ಇದ್ದಕ್ಕಿದ್ದಂತೆ ಏರಿತು. ತಿರುಗಿ ನೋಡಿದರೆ ಗಾಡಿ ಜಾರುತ್ತಿದೆ, ಮಾವ ಬ್ರೇಕನ್ನು ಒದೆಯುತ್ತಿದ್ದಾರೆ, ಅದು ಕೆಳಗಿಳಿಯುತ್ತಿಲ್ಲ. ಒಂದು ಕಡೆಯ ಚಕ್ರ ಮೇಲೆದ್ದಿತು, ಮಾವ ಮೂಟೆಯ ಹಾಗೆ ಹುಲ್ಲಿನ ಮೇಲೆ ಬಿದ್ದರು. ಗಾಡಿ ಓರೆಯಾಗಿ ಹೋಗಿ ಶಾಲೆಯ ನೀರಿನ ತೊಟ್ಟಿಯ ಗೋಡೆಗೆ ಒರಗಿ ನಿಂತಿತು. ಆ ಗೋಡೆ ಇಲ್ಲದಿದ್ದರೆ ಅದು ಮಗುಚುತ್ತಿದ್ದುದು ಅವರು ಬಿದ್ದಿದ್ದ ಕಡೆಗೇ. ಹೇಗೆ ಇಳಿದು ಓಡಿದೆನೋ ಗೊತ್ತಿಲ್ಲ.

ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ಪಟ್ಟಿ, ಮದ್ದು ಎಲ್ಲ ಒಂದು ಮಾರು ದೂರದಲ್ಲೇ, ನಿಮ್ಮ ಗಂಟಿನ ಕೆಳಗೆ. ಉಗುರು ಕಿತ್ತುಬರುವ ಹಾಗೆ ಎಳೆದೆ, ಹಲ್ಲಿನಲ್ಲಿ ಕಚ್ಚಿ ನೋಡಿದೆ, ಮಳೆ ಧೂಳು ಕುಡಿದು ಆ ಗಂಟು ಕಲ್ಲಾಗಿತ್ತು. ಕೊನೆಗೆ ತಲೆಗೆ ಕಟ್ಟಿದ್ದ ಬಟ್ಟೆಯನ್ನೇ ಬಿಚ್ಚಿ ಕೈಗೆ ಸುತ್ತಿದೆ. ಅಷ್ಟರಲ್ಲಿ ನಿಮ್ಮಪ್ಪ ಎದ್ದು ಕೂತು ಮಾಡಿದ ಮೊದಲ ಕೆಲಸ ಯಾವುದು ಗೊತ್ತೇ? ಪೆಟ್ಟಿಗೆಯ ಕಡೆ ನೋಡಿ, "ನೋಡಿದ್ಯೇನಮ್ಮಾ, ಒಂಚೂರೂ ಅಲ್ಲಾಡಿಲ್ಲ. ನಮ್ಮವ್ನು ಕಟ್ಟಿದ್ದು!" ಅಂದರು. ಅಳಬೇಕೋ ನಗಬೇಕೋ ತಿಳಿಯದೆ ನಾನು ಅವರನ್ನು ಬಾಯಿಗೆ ಬಂದಂತೆ ಬೈದೆ. ಮದುವೆಯಾಗಿ ಬಂದ ಮೇಲೆ ಮಾವನಿಗೆ ಎದುರಾಡಿದ್ದು ಅದೇ ಮೊದಲು.

ಮೆಕ್ಯಾನಿಕ್ಕು ಬಂದು ನೋಡಿದ. ಗೋಣಿಚೀಲದಿಂದ ಜಾರಿದ ಸ್ಪ್ಯಾನರು ಬ್ರೇಕಿನ ಕೆಳಗೆ ಸಿಕ್ಕಿಕೊಂಡಿತ್ತು. ಕಮಾನನ್ನು ಎತ್ತಿ ನಿಲ್ಲಿಸಿ, ಬೆಲ್ಟು ಹಾಕಿಕೊಂಡೇ ಓಡಿಸಬೇಕು, ಎರಡರಲ್ಲಿ ಒಂದು ಇದ್ದರೆ ಸಾಲದು ಎಂದು ಗದರಿದ. ಪೆಟ್ಟಿಗೆಯ ಅಂಚು ಉಜ್ಜಿ ಉಜ್ಜಿ ಬೆಲ್ಟಿನ ನೂಲು ಎದ್ದಿದೆ, ಬಿಚ್ಚಿದರೂ ಹೊಸದೇ ಹಾಕಬೇಕಂತೆ. ಮಾವ ಎಲ್ಲಕ್ಕೂ ತಲೆಯಾಡಿಸಿದರು. ಅವನು ಬೋಲ್ಟು ಹಾಕಲು ಕೈಯಿಟ್ಟ ಕೂಡಲೇ ಅಡ್ಡ ನಿಂತರು. "ಅದು ಹಾಗೇ ಇರ್ಲಿ, ಅವ್ನು ಬಂದು ಅವ್ನೇ ಬಿಚ್ಲಿ." ಮೆಕ್ಯಾನಿಕ್ಕು ಬೋಲ್ಟುಗಳನ್ನು ನನ್ನ ಕೈಗೆ ಕೊಟ್ಟು ಹೋದ.

ಯಾಕೆ ಹೀಗೆ ಎಂದು ನಿಮಗೆ ಗೊತ್ತು. ಅವರಿಗೆ ಇಷ್ಟವಿಲ್ಲದ ಆ ಹಡಗುಕಟ್ಟೆಯ ಕೆಲಸವನ್ನು ನೀವು ಒಪ್ಪಿಕೊಂಡ ದಿನದಿಂದ ಹೊರಡುವವರೆಗೂ ನೀವಿಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ. ಅವರು ನೀರು ಕೇಳಿದ್ದೂ ನನ್ನ ಮೂಲಕ, ನೀವು ಕೊಟ್ಟಿದ್ದೂ ನನ್ನ ಮೂಲಕ. ಕೊನೆಗೆ ನೀವು ಅವರಿಗೆಂದು ಮಾಡಿದ್ದು ಆ ಪೆಟ್ಟಿಗೆ, ಆ ಗಂಟು. ಬಂದವರಿಗೆಲ್ಲ ಅದನ್ನು ಮುಟ್ಟಿ ತೋರಿಸುತ್ತಾರೆ. ನಿಮ್ಮೆದುರು ಒಂದು ಒಳ್ಳೆಯ ಮಾತಾಡದ ಮನುಷ್ಯ ಹಿಂದಿನಿಂದ ನಿಮ್ಮನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸುತ್ತಾರೆ. ನಿಮ್ಮ ಮೇಲಿನ ಪ್ರೀತಿಗೆ ಅವರು ಪ್ರಾಣ ಕೊಡುವುದು ನನಗೆ ಬೇಡ. ಅಪ್ಪ ಮಗ ಬಾಯಿ ಬಿಟ್ಟು ಮಾತಾಡಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ. ಇಬ್ಬರ ಮೇಲೂ ನನಗೆ ಕೆಟ್ಟ ಸಿಟ್ಟಿದೆ, ನಿಮ್ಮ ಮೇಲೆ ಒಂದು ಹಿಡಿ ಜಾಸ್ತಿ.

ಫೋನಿನಲ್ಲಿ ಹೇಳೋಣವೆಂದರೆ ಅವರು ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು, "ಸ್ಪೀಕರ್ ಹಾಕಮ್ಮಾ" ಎನ್ನುತ್ತಾರೆ, ಆಮೇಲೆ ಒಂದು ಮಾತೂ ಆಡುವುದಿಲ್ಲ. ಆದ್ದರಿಂದ ಕಾಗದ. ನೀವು ಅವರಿಗೇ ಬೇರೆ ಕಾಗದ ಬರೆದು, ಗಂಟು ಬಿಚ್ಚಿಸಿ, ಬೋಲ್ಟು ಹಾಕಿಸಿ, ಹೆಲ್ಮೆಟ್ಟು ಹಾಕಿಕೊಳ್ಳಿ ಎಂದು ಕೇಳಿಕೊಳ್ಳಿ. ಅಲ್ಲಿ ಸಾಹೇಬರಾಗಿ ಅಪ್ಪಣೆ ಕೊಡುವ ಹಾಗೆ ಬೇಡ, ಮಗನಾಗಿ ಬರೆಯಿರಿ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಂತೆ. ಮಾವ ಏನೂ ಹೇಳಿಲ್ಲ, ಆದರೆ ಲಕೋಟೆ ತಂದುಕೊಟ್ಟವರು ಅವರೇ. ಇಷ್ಟು ಬೈದ ಮೇಲೂ ನಿಮ್ಮ ಕುತ್ತಿಗೆಯ ಬೊಕ್ಕೆಯದೇ ಚಿಂತೆ ನನಗೆ. ಮುಲಾಮು ಹಚ್ಚಿ.

ಸಿಟ್ಟಿನಲ್ಲೂ ನಿಮ್ಮವಳೇ ಆದ,
ನಿಮ್ಮ ಹೆಂಡತಿ

ಮತ್ತೆ ಸೇರಿಸಿದ್ದು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಹೊರಗೆ ಇಂಜಿನು ಶುರುವಾಯಿತು. ಊದಿದ ಕೈಯಲ್ಲೇ ಮಾವ ಮತ್ತೆ ಆ ಇಳಿಜಾರಿಗೆ ಹೊರಟಿದ್ದರು. ನನಗೆ ತಲೆ ಕೆಟ್ಟುಹೋಯಿತು. ಓಡಿಹೋಗಿ ಕುಡುಗೋಲಿನಿಂದ ಬೆಲ್ಟನ್ನು ಕತ್ತರಿಸಿಬಿಟ್ಟೆ. ಗಾಡಿಯ ಕೀಲಿ ನನ್ನ ಕೈಚೀಲದಲ್ಲಿದೆ, ಹೊಸ ಬೆಲ್ಟು ಬರುವವರೆಗೂ ಕೊಡುವುದಿಲ್ಲ. ಮಾವ ಗಾಡಿಯಿಂದ ಇಳಿದರು. ನೆಲದ ಮೇಲೆ ಬಿದ್ದಿದ್ದ ತುಂಡನ್ನು ಗಂಟಿನ ಸಮೇತ ಎತ್ತಿಕೊಂಡು ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ. ಚಹಾ ಹಾಗೇ ತಣ್ಣಗಾಗುತ್ತಿದೆ. ಆದ್ದರಿಂದ ಮೇಲೆ ಬರೆದ ಹಾಗೆ ಬರೆಯಬೇಡಿ. ಬೆಲ್ಟು ಕತ್ತರಿಸು ಅಂತ ನಾನೇ ಅವಳಿಗೆ ಹೇಳಿದ್ದೆ ಎಂದು ಬರೆಯಿರಿ. ಸುಳ್ಳಾದರೆ ಆಗಲಿ. ನಾನು ಹೇಳಿದರೆ ಅವರು ಹೊಸ ಬೆಲ್ಟನ್ನು ಮುಟ್ಟುವುದೂ ಇಲ್ಲ, ನೀವು ಹೇಳಿದಿರಿ ಎಂದರೆ ಹಾಕಿಕೊಳ್ಳುತ್ತಾರೆ.