ಬಾಯಿಂದ್ಲೇ ಆದ ಎದೆ ಆಪರೇಷನ್

ಹೈದರಾಬಾದು, ಮಂಗಳವಾರ

ಗೌರಕ್ಕಾ, ಫೋನಲ್ಲಿ ನಿಂಗೆ ಸರಿಯಾಗಿ ಕೇಳ್ಸಲ್ಲ ಅಂತ ಆಸ್ಪತ್ರೆ ಮಂಚದಿಂದ್ಲೇ ಕಾರ್ಡು ಬರೀತಾವ್ನಿ.

ಆಪರೇಷನ್ ಆಯ್ತು. ಅನ್ನನಾಳದ ತುದಿ ಬಿಗ್ದುಕೊಂಡು ಉಂಡಿದ್ದು ಹೊಟ್ಟೆಗೆ ಇಳೀತಿರ್ಲಿಲ್ವಂತೆ. ಬಾಯೊಳಗಿಂದ ಕ್ಯಾಮೆರಾ ಪೈಪು ಬುಟ್ಟು, ಒಳಗೇ ಕುಯ್ದು ಸಡಿಲ ಮಾಡವ್ರೆ. ಪಕ್ಕದ ಮಂಚದ ತೆಲುಗು ಅಜ್ಜ, ಎಲ್ಲಿ ಕುಯ್ದ್ರು ಅಂತ ಸನ್ನೆ ಮಾಡ್ದ. ಅಂಗಿ ಬಿಚ್ಚಿ ತೋರಿಸ್ದೆ, ಎದೆ ಮೇಲೆ ಒಂದು ಗೀರೂ ಇಲ್ಲ. “ಅಬದ್ಧಂ!” ಅಂದ್ಬುಟ್ಟ, ಸುಳ್ಳು ಅಂತ.

ನಿನ್ನ ಮನೇಲಿ ಊಟದ ಮಧ್ಯೆ ಎದ್ದೋಗ್ತಿದ್ದುದು ಮುನಿಸಲ್ಲ ಕಣಕ್ಕ. ನುಂಗಿದ ಮುದ್ದೆ ಎಲ್ಲಾರ ಎದುರು ವಾಪಸ್ ಬತ್ತದಲ್ಲ ಅನ್ನೋ ನಾಚಿಕೆ. ನಾನು ಮುನಿಸ್ಕೊಂಡೆ ಅಂತ ನೀನು ಅತ್ತಿದ್ದನ್ನ ನನ್ನ ಹೆಂಡ್ತಿ ಈಗ ಹೇಳಿದ್ಲು.

ವಾರವೆಲ್ಲ ಗಂಜಿ, ಆಮೇಲೆ ಊರಿಗೆ.

ಇವತ್ತು ನರ್ಸಮ್ಮ ನೀರು ಕೊಟ್ರು. ಹೆದರ್ಕೊಂಡೇ ಕುಡ್ದೆ. ತಣ್ಣಗೆ ಇಳೀತು. ಬಾಳ ಹೊತ್ತು ಲೋಟ ಕೆಳಗಿಡ್ಲಿಲ್ಲ.

ಜಾಗ ಸಾಲ್ದು.
ನಿನ್ನ ತಮ್ಮ ಕನಕರಾಜು