ಪಾರ್ಸೆಲ್ ಬೇಡ

ನನ್ನ ದೊಡ್ಡಮ್ಮನಿಗೆ,

ಜಪಾನಿಗೆ ಹೋಗಿ ಬಂದೆ, ನಂಬುತ್ತೀಯಾ? ಗೌರಿಬಿದನೂರಿನ ನಮ್ಮ ಕಾರ್ಖಾನೆಯವರು ತರಬೇತಿಗೆಂದು ಒಸಾಕಾಕ್ಕೆ ಕಳಿಸಿದ್ದರು. ಜೊತೆಯವರು ಕೋಟೆ ನೋಡಲು ಹೋದರೆ ನಾನು ಸಂಜೆಯಾಗುತ್ತಲೇ ಹತ್ತಿರದ ಒಂದು ಅಂಗಡಿಬೀದಿಗೆ ಓಡುತ್ತಿದ್ದೆ. ತಿನ್ನುವುದಕ್ಕೇ ಹುಟ್ಟಿದವಳು ಎಂದು ನೀನೇ ತಾನೆ ನನ್ನನ್ನು ಬೈಯುತ್ತಿದ್ದದ್ದು?

ಶಿಡ್ಲಘಟ್ಟದಲ್ಲಿ ನಿಮ್ಮ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ದಿನಗಳು ನೆನಪಾಗುತ್ತವೆ. ರೇಷ್ಮೆಗೂಡಿನ ಮಾರುಕಟ್ಟೆಯಿಂದ ಬರುವಾಗ ದೊಡ್ಡಪ್ಪನ ಕೈಯಲ್ಲಿ ಮೆಣಸಿನಕಾಯಿ ಬಜ್ಜಿಯ ಪೊಟ್ಟಣ. ಮನೆ ಮುಟ್ಟುವಷ್ಟರಲ್ಲಿ ಬಜ್ಜಿ ಬೆವೆತು ಮೆತ್ತಗಾಗಿರುತ್ತಿತ್ತು. ನಮ್ಮ ಮನೆಯ ಹೆಂಗಸರು ಬೀದಿಯಲ್ಲಿ ನಿಂತು ತಿನ್ನಬಾರದು. ಯಾರು ಮಾಡಿದ ಕಟ್ಟಳೆಯೋ. ಗಂಡಸರು ಬಜ್ಜಿ ಗಾಡಿ ಪಕ್ಕ ನಿಂತರೆ ಮಾತ್ರ ಮಾನ ಹೋಗುವುದಿಲ್ಲ! "ಏಮೇ, ನಿಮ್ಮ ದೊಡ್ಡಪ್ಪನ ಮೀಸೆ ನೋಡು, ಎಣ್ಣೆ ಮಿಂಚ್ತೈತೆ. ಬಿಸೀದು ಅಲ್ಲೇ ತಿಂದು, ತಣ್ಣಗಿರೋದು ನಮಗೆ ತಂದವ್ರೆ," ಎಂದು ನೀನು ನನ್ನ ಕಿವಿಯಲ್ಲಿ ಹೇಳಿ ನಗುತ್ತಿದ್ದೆ. ಆಮೇಲೆ ನಗು ನಿಲ್ಲಿಸಿ, "ಒಂದಿನ ಬಾಣಲೆಯಿಂದ ಎತ್ತಿದ್ದು ಎತ್ತಿದಂಗೆ ತಿನ್ಬೇಕು ಕಣೇ..." ಎನ್ನುತ್ತಿದ್ದೆ.

ಒಸಾಕಾದ ಆ ಬೀದಿಗೆ ಉದ್ದಕ್ಕೂ ಸೂರು ಹಾಕಿದ್ದಾರೆ ದೊಡ್ಡಮ್ಮ. ಮೀನಿನಂಗಡಿ, ಉಪ್ಪಿನಕಾಯಿಯ ಪೀಪಾಯಿಗಳು, ಚಪ್ಪಲಿ ಅಂಗಡಿಯ ಪಕ್ಕದಲ್ಲೇ ಸುಟ್ಟ ಗೆಣಸು. ಒಬ್ಬಾಕೆ ಆಲೂಗಡ್ಡೆಯ ಉಂಡೆಯನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿಯುತ್ತಿದ್ದಳು. ಕೊರೊಕ್ಕೆ ಅಂತಾರಂತೆ. ಕೊಂಡವಳು ಅಭ್ಯಾಸಬಲದಿಂದ ಚೀಲಕ್ಕೆ ಹಾಕಿಕೊಂಡು ಹೊರಟೆ. ಆಕೆ ಕೂಗಿ ಕರೆದು ಬೆಂಚು ತೋರಿಸಿದಳು. ಇಲ್ಲೇ ತಿನ್ನು, ಆರಿಹೋಗುತ್ತದೆ ಎಂದು ಕೈಸನ್ನೆ. ಬೆಂಚಿನ ಮೇಲೆ ನಿನ್ನ ವಯಸ್ಸಿನ ಇಬ್ಬರು ಹೆಂಗಸರು, ಸೊಪ್ಪಿನ ಚೀಲ ಕಾಲಬುಡದಲ್ಲಿಟ್ಟುಕೊಂಡು, ಉಫ್ ಉಫ್ ಎಂದು ಊದಿಕೊಂಡು ತಿನ್ನುತ್ತಿದ್ದರು. ಬೀದಿಯಲ್ಲಿ ಯಾರೂ ಅವರನ್ನು ತಿರುಗಿ ನೋಡುತ್ತಿರಲಿಲ್ಲ.

ಅವರ ಪಕ್ಕ ಕೂತು ಕಚ್ಚಿದೆ. ನಾಲಿಗೆ ಸುಟ್ಟಿತು, ಕಣ್ಣಲ್ಲಿ ನೀರು. ಬಿಸಿಗೆ ಎಂದುಕೊಂಡು ಅವರು ನಕ್ಕರು. ನಮ್ಮ ಬಜ್ಜಿ ಗಾಡಿ ಮನೆಯಿಂದ ಎಷ್ಟು ದೂರವಿತ್ತು ಹೇಳು? ಸಮುದ್ರ ದಾಟುವಷ್ಟು ದೂರವಿತ್ತೇ? ಒಂದೇ ಒಂದು ಸಂಜೆ ನಾವಿಬ್ಬರೂ... ಹೊಟ್ಟೆ ಉರಿಯುತ್ತದೆ ದೊಡ್ಡಮ್ಮ, ಈಗಲೂ.

ಊರಿಗೆ ಬಂದ ಮೇಲೆ, ನೀನಿಲ್ಲದ ಆ ಮನೆಯಿಂದ ದೊಡ್ಡಪ್ಪನನ್ನು ಆ ಗಾಡಿಗೆ ಎಳೆದುಕೊಂಡು ಹೋದೆ. ಅವರ ಮುಖ ಕಂಡದ್ದೇ ಬಜ್ಜಿಯವನು ಪೊಟ್ಟಣ ಕಟ್ಟಲು ಕಾಗದ ಹರಿದ. "ಪಾರ್ಸೆಲ್ ಬೇಡಪ್ಪ, ಇಲ್ಲೇ ತಿಂತೀವಿ," ಎಂದೆ. ದೊಡ್ಡಪ್ಪ ಅತ್ತಿತ್ತ ನೋಡಿದರು. ಗದರುತ್ತಾರೆ ಎಂದುಕೊಂಡರೆ, ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು. ನಾನು ಹೊಗೆಯಾಡುವ ಬಜ್ಜಿ ತಿಂದೆ. ಅವರದು ಕೈಯಲ್ಲೇ ಇತ್ತು.

"ತಿನ್ನಿ ದೊಡ್ಡಪ್ಪ, ಆರೋಗ್ತೈತೆ."

"ಆರ್ಲಿ ಬಿಡಮ್ಮ," ಎಂದರು. "ಅವಳು ತಿಂದಿದ್ದು ಹೆಂಗಿರ್ತಿತ್ತೋ, ನಾನೂ ಒಂದ್ಸಲ ನೋಡ್ತೀನಿ."

ಮೀಸೆಯ ಮಾತು ನಾನು ಇಂದಿಗೂ ಬಾಯಿಬಿಟ್ಟಿಲ್ಲ.

ನಿನ್ನ ಮಗಳು